ಇಳಿಸಿದ ಬೆರಳು

ರೇನರ್ಸ್ ಲೇನ್, ೧೪-೭-೨೦೦೩

ಅಪ್ಪಯ್ಯನಿಗೆ ಗುಣವತಿಯ ನಮಸ್ಕಾರ.

ನಿನ್ನೆ ಇವರ ಆಫೀಸಿನವರು ಪಾರ್ಕಿನಲ್ಲಿ ಬೇಸ್‌ಬಾಲ್ ಆಡಿದರು. ನಾನು ಅಂಪೈರರ ಮಗಳೆಂದು ಇವರು ಹೇಳಿದ್ದೇ ತಪ್ಪಾಯಿತು, ನನ್ನನ್ನೇ ಅಂಪೈರ್ ಮಾಡಿದರು. ಓಡುತ್ತಿದ್ದವನೊಬ್ಬ ಅಡ್ಡ ನಿಂತಿದ್ದ ಫೀಲ್ಡರಿಗೆ ಡಿಕ್ಕಿ ಹೊಡೆದು ಬಿದ್ದ. ನಮ್ಮೂರ ಕ್ರಿಕೆಟ್ಟಿನ ಅಭ್ಯಾಸದಲ್ಲಿ ಓಡುವವನದೇ ಅಡ್ಡಿಯೆಂದು ಬೆರಳೆತ್ತಿದೆ. ಈ ಆಟದಲ್ಲಿ ಕೈಯಲ್ಲಿ ಚೆಂಡಿಲ್ಲದೆ ದಾರಿಗೆ ಅಡ್ಡ ನಿಂತವನದೇ ತಪ್ಪಂತೆ. ಓಡಿದವನು ಔಟಲ್ಲ, ಅವನಿಗೆ ಮುಂದಿನ ಬೇಸ್ ಕೊಡಬೇಕೆಂದು ಅರ್ಧ ಜನ, ಅಂಪೈರ್ ಹೇಳಿದ್ದೇ ಕೊನೆಯೆಂದು ಉಳಿದರ್ಧ. ಕೊಟ್ಟ ಔಟ್ ಹಿಂತೆಗೆಯಬಾರದೆಂಬ ನಿಮ್ಮ ಮಾತು ಹಿಡಿದು ಬಿಸಿಲಲ್ಲಿ ನಿಂತೇ ಇದ್ದೆ. ಕೊನೆಗೆ ಇವರು ಬಂದು, "ಸಾಕ್ ಮಾರಾಯ್ತಿ, ಬೆರಳ್ ಇಳ್ಸ್, ಊಟಕ್ಕ್ ಹ್ವಾಪ" ಅಂದರು.

ಇಳಿಸಿದೆ. ಕಿರುಚಾಡಿದವರೆಲ್ಲ ಒಂದೇ ಡಬ್ಬಿಯ ಚಿತ್ರಾನ್ನ ತಿಂದರು.

ಕಾಲು ಸೋತಿದೆ, ಗಂಟಲು ಕೆಟ್ಟಿದೆ. ಇಲ್ಲಿ ಜಿಪಿ ಅನ್ನುವ ನಮ್ಮ ಬೀದಿಯ ಡಾಕ್ಟರು ನೀರು ಕುಡಿಯಿರಿ ಎಂದಷ್ಟೇ ಹೇಳಿ ಕಳಿಸಿದರು.

ನೀವು ವಾಸು ಮಾವನಿಗೆ ಎಲ್ಬಿಡಬ್ಲ್ಯು ಔಟ್ ಕೊಟ್ಟಂದಿನಿಂದ ಇಬ್ಬರೂ ಮಾತು ಬಿಟ್ಟಿದ್ದೀರಿ. ಅದಕ್ಕೇ ಈ ಕಾರ್ಡನ್ನು ಅವರ ಅಂಗಡಿಯ ವಿಳಾಸಕ್ಕೆ ಹಾಕಿದ್ದೇನೆ. ಇದು ನಿಮ್ಮ ಕೈಗೆ ಬಂದಿದ್ದರೆ ಮಾವ ಬಾಗಿಲಲ್ಲಿ ನಿಂತಿದ್ದಾರೆ. ಒಳಗೆ ಕರೆಯಿರಿ.

ಗುಣವತಿ