ಅರವತ್ತೆರಡು ನಾನು ಬರೆದದ್ದು

ಬುಧವಾರ, ಮಧ್ಯಾಹ್ನದ ಊಟದ ಬಿಡುವು

ನನ್ನ ಪ್ರೀತಿಯ ಅಣ್ಣನಿಗೆ,

ಈ ಕಾಗದವನ್ನು ಲೇತ್ ಮೆಷಿನ್ನಿನ ಪಕ್ಕ ನಿಂತು ಓದಬೇಡ. ಕೈಯ ಎಣ್ಣೆ ಒರೆಸಿಕೊಂಡು, ಒಂದು ಕಡೆ ಕೂತು, ಕೊನೆಯವರೆಗೂ ಓದು. ಸೋಮವಾರದಿಂದ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ನೀನು ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಮೊದಲ ಸಲ, ಕಂಪ್ಯೂಟರೇ ನಿನ್ನಣ್ಣನ ಕೈಗುಣ ಒಪ್ಪಿಕೊಂಡಿದೆ ಕಣೇ ಬಾಲ, ಅಂತ ನೀನು ನಕ್ಕೆ. ಎರಡನೇ ಸಲ ಫೋನನ್ನು ಅತ್ತಿಗೆಯ ಕೈಗೆ ಕೊಟ್ಟೆ. ಮೂರನೇ ಸಲ, ಶುಕ್ರವಾರ ಹತ್ತು ಗಂಟೆಗೆ ಫೋರ್‌ಮನ್ ಮೇಜಿನ ಮೇಲೆ ರಾಜೀನಾಮೆ ಇಟ್ಟು ಹೊಸ ತಂಡದ ಶಿಬಿರಕ್ಕೆ ಹೊರಡುತ್ತೇನೆ, ಏನಿದ್ದರೂ ಆಮೇಲೆ ಮಾತಾಡೋಣ ಅಂದೆ. ಆಮೇಲೆ ಮಾತಾಡಿದರೆ ಏನೂ ಪ್ರಯೋಜನವಿಲ್ಲ, ಅಣ್ಣ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಸಂಜೆಯೊಳಗೆ ಮುಟ್ಟಿಸುತ್ತೇನೆ ಅಂತ ಕೊರಿಯರ್‌ನವನು ಆಣೆ ಮಾಡಿ ಹೇಳಿದ್ದಾನೆ.

ರಾಜೀನಾಮೆ ಕೊಡಬೇಡ. ಮೊದಲು ಇದನ್ನು ಹೇಳಿಬಿಡುತ್ತೇನೆ. ಯಾಕೆ ಅನ್ನುವುದು ಉದ್ದದ ಕಥೆ.

ನನ್ನ ಕೆಲಸ ಏನು ಅಂತ ಕೇಳಿದರೆ ನೀನು ಎಲ್ಲರಿಗೂ, ನಮ್ಮ ತಂಗಿ ದಿನಾ ಆಟ ಆಡಿ ಸಂಬಳ ತಗೊಳ್ತಾಳೆ ಅಂತ ಹೇಳಿಕೊಂಡು ತಿರುಗುತ್ತೀಯ. ಅಲ್ಲ. ನಮ್ಮ ಕಂಪನಿ ಬೇಸ್‌ಬಾಲಿನ ಕಂಪ್ಯೂಟರ್ ಆಟ ಮಾಡುತ್ತದೆ. ಕೊಂಡವರು ಮನೆಯಲ್ಲೇ ಕೂತು ತಂಡ ಕಟ್ಟುತ್ತಾರೆ, ಆಟಗಾರರನ್ನು ಸೇರಿಸಿಕೊಳ್ಳುತ್ತಾರೆ, ಬಿಡುತ್ತಾರೆ. ಅದರೊಳಗಿನ ಆಟಗಾರರೆಲ್ಲ ನಿಜವಾದ ಮನುಷ್ಯರೇ. ದೊಡ್ಡ ಲೀಗಿನವರಿಂದ ಹಿಡಿದು ನೀನು ಆಡುವ ಕಾರ್ಖಾನೆ ಲೀಗಿನವರವರೆಗೂ ಇದ್ದಾರೆ. ನಾವು ಏಳು ಜನ ಮೂರನೇ ಮಹಡಿಯಲ್ಲಿ ಪರದೆ ಎಳೆದುಕೊಂಡು, ಅವರು ಆಡಿದ ವಿಡಿಯೋ ನೋಡಿ ನೋಡಿ, ಒಬ್ಬೊಬ್ಬರಿಗೂ ಇಪ್ಪತ್ತರಿಂದ ಎಂಬತ್ತರೊಳಗೆ ಅಂಕೆ ಹಾಕುತ್ತೇವೆ. ಐವತ್ತು ಅಂದರೆ ದೊಡ್ಡ ಲೀಗಿನಲ್ಲಿ ತಲೆ ತಗ್ಗಿಸದೆ ನಿಲ್ಲಬಲ್ಲವನು.

ಅಂಕೆ ಎರಡು. ಒಂದು, ಆಟಗಾರ ಇವತ್ತು ಏನು ಮಾಡಬಲ್ಲ ಅನ್ನುವುದು. ಇನ್ನೊಂದು, ಅವನು ಮುಂದೆ ಎಲ್ಲಿಯವರೆಗೆ ಬೆಳೆಯಬಹುದು ಅನ್ನುವುದು. ಜನ ಎಡವುವುದು ಈ ಎರಡನೆಯದರಲ್ಲಿ. ಅದನ್ನು ಕೊಟ್ಟ ಮಾತು ಅಂತ ತಿಳಿಯುತ್ತಾರೆ. ಅದು ಮಾತಲ್ಲ, ಊಹೆ.

ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟು ನೆನಪಿದೆಯಲ್ಲ? ಪ್ರತಿ ವರ್ಷ ಶಾಲೆ ಶುರುವಾಗುವ ದಿನ ಅಪ್ಪ ನಮ್ಮನ್ನು ಅದಕ್ಕೆ ಒರಗಿಸಿ ನಿಲ್ಲಿಸುತ್ತಿದ್ದರು. ತಲೆಯ ಮಟ್ಟಕ್ಕೆ ಸೀಸದಕಡ್ಡಿಯಲ್ಲಿ ಒಂದು ಗೆರೆ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ನಮ್ಮ ಕೈಕಾಲು ನೋಡಿ, ಕಣ್ಣು ಕಿರಿದು ಮಾಡಿ, ಮೇಲೆಲ್ಲೋ ಇನ್ನೊಂದು ಗೆರೆ: ಇವನು ಇಷ್ಟಾಗುತ್ತಾನೆ ಅಂತ. ಕೆಳಗಿನದನ್ನು ಎಂದೂ ಅಳಿಸುತ್ತಿರಲಿಲ್ಲ. ಮೇಲಿನದನ್ನು ಮಾತ್ರ ಪ್ರತಿ ವರ್ಷ ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸದಾಗಿ ಎಳೆಯುತ್ತಿದ್ದರು. ನನ್ನ ಕಾಲು ಮುರಿದ ವರ್ಷ ನನ್ನ ಮೇಲಿನ ಗೆರೆಯನ್ನು ಎರಡು ಬೆರಳು ಕೆಳಗೆ ಇಳಿಸಿ ಅಂಗಳಕ್ಕೆ ಹೋದರು. ನಿನಗೆ ಹತ್ತೊಂಬತ್ತಾದಾಗ ಎರಡು ಗೆರೆಯೂ ಒಂದೇ ಆದವು. ಮುಗೀತು, ಇನ್ನು ಇವನಿಗೆ ಪ್ಯಾಂಟು ಉದ್ದ ಹೊಲಿಸೋದು ಬೇಡ ಅಂತ ಅಮ್ಮ ಅಂದಿದ್ದು ನೆನಪಿರಬೇಕು.

ಆಟದಲ್ಲೂ ಹಾಗೆಯೇ. ಹದಿನೆಂಟರ ಹುಡುಗನಿಗೆ ಇವತ್ತಿನದು ಮೂವತ್ತು, ಮುಂದಿನದು ಅರವತ್ತು ಇರಬಹುದು. ವರ್ಷ ಹೋದ ಹಾಗೆ ಕೆಳಗಿನದು ಏರುತ್ತದೆ, ಮೇಲಿನದು ಸಾಮಾನ್ಯವಾಗಿ ಇಳಿಯುತ್ತದೆ, ಇಪ್ಪತ್ತೇಳು ಇಪ್ಪತ್ತೆಂಟರ ಹೊತ್ತಿಗೆ ಎರಡೂ ಕೂಡಿಬಿಡುತ್ತವೆ. ನಿನಗೆ ಇಪ್ಪತ್ತೆಂಟು.

ನಮ್ಮವರಿಗೆ ನಾವೇ ಅಂಕೆ ಹಾಕುವಂತಿಲ್ಲ, ಅದು ಇಲ್ಲಿಯ ಕಟ್ಟುನಿಟ್ಟು. ಹಾಗಾಗಿ ನೀನು ಚೆಂಡೆಸೆದ ವಿಡಿಯೋವನ್ನು ಪಕ್ಕದ ಮೇಜಿನವನಿಗೆ ಕೊಟ್ಟೆ. ಅವನನ್ನು ನಾವು ಕನ್ನಡಕ ಅಂತಲೇ ಕರೆಯುವುದು. ಕನ್ನಡಕ ತೆಗೆದರೆ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಾನೆ, ಹಾಕಿಕೊಂಡರೆ ಚೆಂಡೆಸೆಯುವ ಪಿಚರ್‌ನ ಕೈಯ ಯಾವ ಬೆರಳು ಮೊದಲು ಚೆಂಡು ಬಿಟ್ಟಿತು ಅನ್ನುವುದನ್ನೂ ಹೇಳುತ್ತಾನೆ. ನೀನು ನನಗೆ ಏನಾಗಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ನಿನ್ನ ಹನ್ನೊಂದು ಪಂದ್ಯ ನೋಡಿದ. ನಿನ್ನ ಆ ನಿಧಾನದ ಚೆಂಡನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿ, ಈ ಪುಣ್ಯಾತ್ಮ ಬ್ಯಾಟರ್‌ಗಳಿಗೆ ಮಂಕುಬೂದಿ ಎರಚ್ತಾನಲ್ಲ ಅಂದ. ಚೀಟಿಯಲ್ಲಿ ಬರೆದುಕೊಟ್ಟ: ಇವತ್ತಿನದು ನಲವತ್ತೈದು. ಮುಂದಿನದು ನಲವತ್ತೈದು.

ನಲವತ್ತೈದು ಕಡಿಮೆಯಲ್ಲ, ಅಣ್ಣ. ನಿಮ್ಮ ಲೀಗಿನಲ್ಲಿ ಅಷ್ಟಿರುವವರು ಇನ್ನೊಬ್ಬರೇ. ಆದರೆ ಅದು ದೊಡ್ಡ ಲೀಗಿನ ಹೊಸ್ತಿಲ ಹೊರಗಿನ ಮೆಟ್ಟಿಲು.

ಚೀಟಿಯಲ್ಲಿದ್ದದ್ದನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಮೊದಲನೆಯದನ್ನು ಇದ್ದ ಹಾಗೆ ಏರಿಸಿದೆ. ಎರಡನೆಯದರ ಮುಂದೆ ನನ್ನ ಬೆರಳು ನಿಂತಿತು. ಅರವತ್ತೆರಡು ಅಂತ ಒತ್ತಿದೆ. ತಕ್ಷಣ ಕೆಂಪು ಅಕ್ಷರ ಬಂತು: ವಯಸ್ಸು ಇಪ್ಪತ್ತೆಂಟು, ಅಂತರ ಹದಿನೇಳು, ಇದು ಸರಿಯೇ? ಸರಿ ಅಂತ ಒತ್ತಿದೆ. ಎರಡನೇ ಸಲ ಯೋಚಿಸಲಿಲ್ಲ. ಅದನ್ನು ನೆನೆದರೆ ಈಗ ಹೆದರಿಕೆ ಆಗುತ್ತದೆ.

ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ, ನಿನಗೂ ಗೊತ್ತಿರುವ ಉತ್ತರ ಒಂದಿದೆ. ನಿನಗೆ ಹದಿನೆಂಟಾದಾಗ ಬೇಸ್‌ಬಾಲ್ ಅಕಾಡೆಮಿಯಿಂದ ಕರೆ ಬಂತು. ಅದೇ ವಾರ ನಾನು ನೀರಿನ ಟ್ಯಾಂಕಿನ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡೆ. ಹಾಸ್ಟೆಲ್ ಊಟ ನನಗೆ ಸೇರಲ್ಲ, ಹೋಗಲ್ಲ ಅಂತ ನೀನು ಎಲ್ಲರಿಗೂ ಹೇಳಿದೆ. ಕಲ್ಲು ಹಾಕಿದರೂ ಅರಗಿಸಿಕೊಳ್ಳುವವನು ನೀನು! ಒಂದೂವರೆ ವರ್ಷ ನನ್ನನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟೆ. ಇಳಿಸುವಾಗ ಪ್ರತಿ ದಿನ, ಇಳಿಯಮ್ಮ ಮಹಾರಾಣಿ, ನಿನ್ನ ಭಾರಕ್ಕೆ ಟೈರು ಅಳ್ತಾ ಇದೆ ಅನ್ನುತ್ತಿದ್ದೆ. ಆ ಹದಿನೆಂಟರ ಹುಡುಗನಿಗೆ ಸಲ್ಲಬೇಕಾದ ಅಂಕೆಯನ್ನು ಇಪ್ಪತ್ತೆಂಟರ ಗಂಡಸಿನ ಹೆಸರಿನ ಮುಂದೆ ಬರೆದೆ. ಅಪ್ಪ ಒರೆಸಿದ ಗೆರೆಯನ್ನು ಮತ್ತೆ ಎಳೆದ ಹಾಗೆ. ಯಾರೋ ನಾಲ್ಕು ಜನ ಮನೆಯಲ್ಲಿ ಕೂತು ಆಡುವಾಗ ನಿನ್ನನ್ನು ತಂಡಕ್ಕೆ ಸೇರಿಸಿಕೊಳ್ಳುತ್ತಾರೆ, ನಿನಗೆ ಖುಷಿಯಾಗುತ್ತದೆ, ಅಷ್ಟೇ ಅಂದುಕೊಂಡಿದ್ದೆ.

ನಿಜವಾದ ತಂಡದ ಆಯ್ಕೆಗಾರರು ನಮ್ಮ ಪಟ್ಟಿ ಇಟ್ಟುಕೊಂಡು ಜರಡಿ ಹಿಡಿಯುತ್ತಾರೆ ಅಂತ ನಾನು ಕನಸಿನಲ್ಲೂ ನೆನೆಸಿರಲಿಲ್ಲ. ಆ ಹೊಸ ತಂಡದವರು ಮುಂದಿನದು ಅರವತ್ತಕ್ಕಿಂತ ಮೇಲಿದ್ದವರಿಗೆಲ್ಲ ಶಿಬಿರದ ಕರೆ ಕಳಿಸಿದ್ದಾರೆ. ನಿನ್ನ ಕೈ ನೋಡಿ ಕರೆದದ್ದಲ್ಲ ಅದು. ನನ್ನ ಬೆರಳು ನೋಡಿ ಕರೆದದ್ದು.

ನಿನ್ನೆ ಅವರ ಆಯ್ಕೆಗಾರರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನಿನ್ನ ವಯಸ್ಸನ್ನು ಇನ್ನೊಂದು ಸಲ ಕೇಳಿದರು. ಆಮೇಲೆ, ಆರು ವಾರದ ಶಿಬಿರ ಬೆಳೆಯುವವರಿಗಮ್ಮ, ಬೆಳೆದವರಿಗೆ ಅಲ್ಲ, ಅಂದರು. ಇನ್ನೊಂದು ಮಾತೂ ಅಂದರು. ಭಾನುವಾರ ಬೆಳಿಗ್ಗೆ ಅವರ ಮೈದಾನದಲ್ಲಿ ಯಾರು ಬೇಕಾದರೂ ಬಂದು ಇಪ್ಪತ್ತು ಚೆಂಡು ಎಸೆಯಬಹುದಂತೆ. ಪಿಚರ್ ಗಾಯಗೊಂಡಾಗ ಒಂದೆರಡು ಪಂದ್ಯಕ್ಕೆ ಕರೆಸಿಕೊಳ್ಳಲು ಬದಲಿಯವರನ್ನು ಅಲ್ಲಿಂದ ಆರಿಸುತ್ತಾರಂತೆ. ಅದಕ್ಕೆ ಕೆಲಸ ಬಿಡಬೇಕಾಗಿಲ್ಲ. ಅಲ್ಲಿ ಯಾರೂ ಮುಂದಿನ ಅಂಕೆ ಕೇಳುವುದಿಲ್ಲ, ಇವತ್ತಿನದನ್ನು ಮಾತ್ರ ನೋಡುತ್ತಾರೆ.

ಇಲ್ಲಿ ಮುಖ್ಯಸ್ಥೆಗೂ ಹೇಳಿದ್ದೇನೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಪಟ್ಟಿ ತಿದ್ದಿ ಬಿಡುತ್ತಾರೆ. ನೀನು ಫೋರ್‌ಮನ್ ಎದುರು ನಿಂತಿರುವ ಹೊತ್ತಿಗೇ ನಿನ್ನ ಅರವತ್ತೆರಡು ಅಳಿಸಿ ಹೋಗುತ್ತದೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಸೋಮವಾರ ಹೇಳುತ್ತಾರೆ. ಕನ್ನಡಕ ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ. ಅವನ ಚೀಟಿಯನ್ನು ನಾನು ಸುಳ್ಳು ಮಾಡಿದೆನಲ್ಲ.

ಅತ್ತಿಗೆ ಫೋನಿನಲ್ಲಿ ಹೇಳಿದರು, ನಿನ್ನಣ್ಣ ಈಗ ನಡೆಯೋದು ನೋಡಬೇಕು ಕಣೇ, ನೆಲಕ್ಕೆ ಕಾಲೇ ಮುಟ್ತಿಲ್ಲ, ಮಗು ಬರೋ ಹೊತ್ತಿಗೆ ಇವರನ್ನೇ ತೊಟ್ಟಿಲಲ್ಲಿ ಹಾಕಬೇಕು ಅಂತ. ನಕ್ಕರು. ನಾನೂ ನಕ್ಕೆ. ನಿನಗೆ ಕೊಡುತ್ತೇವೆ ಅಂದಿರುವ ಲೇತ್ ವಿಭಾಗದ ಮೇಲ್ವಿಚಾರಕನ ಜಾಗ ಶುಕ್ರವಾರ ನೀನು ಬೇಡ ಅಂದರೆ ಬೇರೆಯವರ ಪಾಲಾಗುತ್ತದೆ ಅಂತಲೂ ಅವರೇ ಹೇಳಿದ್ದು. ಅದನ್ನು ಹೇಳುವಾಗ ನಗಲಿಲ್ಲ.

ಬೈಯಬೇಕು ಅನ್ನಿಸಿದರೆ ಬೈ. ಮಾತು ಬಿಡಬೇಕು ಅನ್ನಿಸಿದರೆ ಬಿಡು. ಆದರೆ ಶುಕ್ರವಾರ ಆ ಕಾಗದವನ್ನು ಜೇಬಿನಿಂದ ತೆಗೆಯಬೇಡ. ಭಾನುವಾರ ಬೇಕಾದರೆ ಹೋಗಿ ಇಪ್ಪತ್ತು ಚೆಂಡು ಎಸೆದು ಬಾ.

ಹತ್ತು ವರ್ಷದಿಂದ ನಿನ್ನ ಹಿಂದೆಯೇ ಕೂತಿರುವ
ನಿನ್ನ ಬಾಲ

ತಾ.ಕ.: ಅರವತ್ತೆರಡೇ ಯಾಕೆ, ಅರವತ್ತು ಯಾಕಲ್ಲ ಅನ್ನುವುದನ್ನು ಮೇಲೆ ಹೇಳಲಿಲ್ಲ. ಲಕೋಟೆಯಲ್ಲಿ ಇನ್ನೊಂದು ಕಾಗದ ಇದೆ. ಕಾಲು ಮುರಿದ ಮರುವರ್ಷ ಅಕಾಡೆಮಿಯವರು ನಿನ್ನನ್ನು ಎರಡನೇ ಸಲ ಕರೆದಿದ್ದರು. ಆ ಕರೆಯ ಕಾಗದ ಇದು, ಅಂಚೆಯವನಿಂದ ಇಸಿದುಕೊಂಡವಳು ನಾನು. ಆಗ ನಾನು ಕೋಲು ಬಿಟ್ಟು ನಡೆಯುತ್ತಿದ್ದೆ, ಶಾಲೆಗೆ ನಡೆದೇ ಹೋಗಬಹುದಿತ್ತು. ನೀನು ಹೋದರೆ ನಿನ್ನ ಸೈಕಲ್ ಸವಾರಿ ತಪ್ಪುತ್ತದಲ್ಲ ಅಂತ ಅದನ್ನು ಪುಸ್ತಕದ ಚೀಲದ ತಳದ ರಟ್ಟಿನ ಕೆಳಗೆ ಇಟ್ಟೆ, ಯಾರಿಗೂ ಹೇಳಲಿಲ್ಲ. ಅಲ್ಲಿಯ ಕೋಚ್ ಕೆಳಗೆ ತಮ್ಮ ಕೈಯಾರೆ ಎರಡು ಅಂಕೆ ಬರೆದಿದ್ದಾರೆ: ಈಗ ಮೂವತ್ತು, ಮುಂದೆ ಅರವತ್ತೆರಡು. ಅದು ನಿನ್ನ ಹೆಸರಿಗೆ ಬಂದದ್ದು. ಮಡಿಕೆಯಲ್ಲಿ ಹರಿಯುತ್ತಿದೆ, ನಿಧಾನವಾಗಿ ಬಿಡಿಸು.