ನಕ್ಷೆ ಕೋಣೆಯ ರಿಜಿಸ್ಟರ್

ಮಾರ್ಚ್ ೧೨, ಮಂಗಳವಾರ
ಗ್ರಂಥಾಲಯದ ನನ್ನ ಮೇಜಿನಿಂದ

ನನ್ನ ಹಟಮಾರಿ ಮರಿಗೆ,

ಚೆನ್ನಾಗಿದ್ದೇನೆ ಎಂದು ನೀನು ಬರೆದ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಬೈಯಲೇಬೇಕು ಅನ್ನಿಸಿದರೆ ಪತ್ರದಲ್ಲೇ ಬೈ, ಆ ನೆಪದಲ್ಲಾದರೂ ನಾಲ್ಕು ಸಾಲು ಹೆಚ್ಚು ಬರೆಯುತ್ತೀಯ. ಇಲ್ಲಿ ಪುಸ್ತಕಗಳ ವಾರ್ಷಿಕ ಎಣಿಕೆ ಮುಗಿಯುವಷ್ಟರಲ್ಲಿ ಸಾಕುಸಾಕಾಯಿತು. ನಲವತ್ತೊಂದು ಪುಸ್ತಕ ಕಾಣೆ. ಅದರಲ್ಲಿ ಒಂಬತ್ತು ಒಬ್ಬ ಪ್ರೊಫೆಸರರ ಮನೆಯಲ್ಲಿವೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಎದುರಾದಾಗ ಇಬ್ಬರೂ ಸೆಕೆಯ ವಿಷಯ ಮಾತಾಡುತ್ತೇವೆ.

ನಿನ್ನ ಅಪ್ಪನ ಮಂಡಿನೋವು ಹಾಗೇ ಇದೆ. ನೀನು ಕೇಳುವುದಿಲ್ಲ, ನಾನು ಬರೆಯುವುದು ಬಿಡುವುದಿಲ್ಲ. ನೀನು ನಮ್ಮ ಮನೆಯ ಪ್ರಾರ್ಥನೆ ಬಿಟ್ಟೆ ಎಂದು ಅವರು ಕೂಗಾಡಿ, ನೀನು ಬಟ್ಟೆ ತುಂಬಿಕೊಂಡು ಹೊರಟುಹೋದೆಯಲ್ಲ, ಆಮೇಲಿನ ಆರು ವರ್ಷದಲ್ಲಿ ನಿನ್ನ ಒಂದು ಪತ್ರದಲ್ಲೂ ಅವರ ಸುದ್ದಿ ಎತ್ತಿಲ್ಲ. ಆದರೂ ನಿನ್ನ ಪತ್ರ ಬಂದ ದಿನ ಅವರು ಪಕ್ಕದ ಕೋಣೆಯಲ್ಲಿ ರೇಡಿಯೊ ಸಣ್ಣದು ಮಾಡುತ್ತಾರೆ. ನಾನು ಗಟ್ಟಿಯಾಗಿ ಓದುತ್ತೇನೆ.

ಈಗ ದೊಡ್ಡ ಸುದ್ದಿ ಕೇಳು. ನಿನ್ನ ಅಮ್ಮನಿಗೆ ಹೊಸ ಹುದ್ದೆ ಸಿಕ್ಕಿದೆ. ಕಾಲೇಜಿನ ಸಕಲ ದೇವರುಗಳ ಉಸ್ತುವಾರಿ! ನಮ್ಮ ಹುಡುಗ ಹುಡುಗಿಯರು ಪ್ರಾರ್ಥನೆಗೆ ಜಾಗವಿಲ್ಲದೆ ಮೆಟ್ಟಿಲ ಕೆಳಗೆ, ಪ್ರಯೋಗಾಲಯದ ಹಿಂದೆ, ಎಲ್ಲೆಲ್ಲೋ ನುಸುಳುತ್ತಿದ್ದರು. ಒಂದು ಸಲ ಮೆಟ್ಟಿಲ ಕೆಳಗಿನ ಜಾಗಕ್ಕೆ ಎರಡು ಗುಂಪು ಜಗಳಕ್ಕೆ ನಿಂತವು. ಪ್ರಿನ್ಸಿಪಾಲರು ನನ್ನನ್ನು ಕರೆಸಿ, "ನಿಮ್ಮ ಪಕ್ಕದ ಆ ಹಳೇ ನಕ್ಷೆ ಕೋಣೆ..." ಎನ್ನುವಷ್ಟರಲ್ಲಿ ನಾನು ಹೂಂ ಅಂದಾಗಿತ್ತು. ನಕ್ಷೆಗಳನ್ನೆಲ್ಲ ಸುರುಳಿ ಸುತ್ತಿ ಬೀರುವಿನ ಮೇಲೆ ಹತ್ತಿಸಿದೆ. ನೆಲ ಒರೆಸಿ ಎರಡು ಜಮಖಾನೆ ಹಾಸಿದೆ. ಇಟ್ಟದ್ದು ಒಂದೇ ನಿಯಮ: ಬೇಕಾದ್ದು ತನ್ನಿ, ಹೋಗುವಾಗ ತೆಗೆದುಕೊಂಡು ಹೋಗಿ, ಗೋಡೆ ಎಲ್ಲರದ್ದು.

ಧರ್ಮದ ಹೆಸರಿಗಿಂತ ಮಾಡುವ ಕೆಲಸದಿಂದ ಗುರುತಿಸುವುದು ನನಗೆ ಸಲೀಸು. ಮಂಡಿಯೂರುವವರು, ಹಾಡುವವರು, ಸುಮ್ಮನೆ ಕೂರುವವರು. ದೇವರೇ ಇಲ್ಲ ಎನ್ನುವ ಭೌತಶಾಸ್ತ್ರದ ಹುಡುಗಿಯೊಬ್ಬಳೂ ತಪ್ಪದೆ ಬರುತ್ತಾಳೆ. "ನಿನ್ನ ಏನಂತ ಬರ್ಕೊಳ್ಲಮ್ಮ?" ಎಂದು ಕೇಳಿದೆ. "ಕಿಟಕಿ ಹತ್ರ ಕೂರೋಳು ಅಂತ ಬರ್ಕೊಳಿ ಮೇಡಂ," ಎಂದಳು. ಹಾಗೇ ಬರೆದುಕೊಂಡೆ.

ಎಡವಟ್ಟಾದದ್ದು ಆ ಬರೆದುಕೊಂಡದ್ದರಲ್ಲೇ. ಇಪ್ಪತ್ತಾರು ವರ್ಷದಿಂದ ಗ್ರಂಥಪಾಲಕಿಯಾಗಿರುವವಳಿಗೆ, ಎಣಿಸದ, ವಿಂಗಡಿಸದ ವಸ್ತು ಕಣ್ಣೆದುರು ಓಡಾಡಿದರೆ ಕೈ ಕಡಿಯುತ್ತದೆ. ಒಂದು ಹೊಸ ರಿಜಿಸ್ಟರ್ ತಂದು ಮೂರು ಗೆರೆ ಎಳೆದೆ: ಹೆಸರು, ಸಮಯ, ಯಾವ ಗುಂಪು. ಪುಸ್ತಕಗಳನ್ನು ಕಪಾಟಿಗೆ ಹಂಚುವ ಹಾಗೆ ಮಕ್ಕಳನ್ನು ಹಂಚಿ, ದಾರ ಕಟ್ಟಿ, ಎಲ್ಲರಿಗೂ ಕಾಣುವಂತೆ ಕೌಂಟರಿನ ಮೇಲೆ ಬಿಚ್ಚಿಟ್ಟೆ. ಎಷ್ಟು ಅಚ್ಚುಕಟ್ಟು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎರಡನೇ ವರ್ಷದ ಹುಡುಗಿಯೊಬ್ಬಳಿದ್ದಾಳೆ. ದಿನಾ ಸರಿಯಾಗಿ ಒಂದು ಗಂಟೆ ಹತ್ತು ನಿಮಿಷಕ್ಕೆ ಬರುತ್ತಾಳೆಂದು ನಾನವಳನ್ನು ಗಡಿಯಾರ ಎಂದು ಕರೆಯುತ್ತೇನೆ. ಮನೆಯವರು ಹಾಡುವವರು, ಇವಳು ಕಳೆದ ವರ್ಷದಿಂದ ಸುಮ್ಮನೆ ಕೂರುವವಳು. ಮನೆಯಲ್ಲಿ ಹೇಳಿರಲಿಲ್ಲ. ಮೂರು ವಾರದ ಹಿಂದೆ ಅವಳ ಅಪ್ಪ ಬಂದರು. ಬಡಗಿ. ಮಗಳಿಗೆಂದು ತಾವೇ ಉಜ್ಜಿ ಮಾಡಿದ ಡ್ರಾಯಿಂಗ್ ಹಲಗೆ ಕಂಕುಳಲ್ಲಿತ್ತು. ಮಗಳು ಎಲ್ಲಿ ಸಿಗುತ್ತಾಳೆ ಎಂದು ಕೇಳಿದರು. ನಾನು ತಲೆ ಕೂಡ ಎತ್ತಲಿಲ್ಲ ಮರಿ. "ರಿಜಿಸ್ಟರ್ ನೋಡಿ, ದಿನಾ ಬರೋ ಹೊತ್ತು ಅದ್ರಲ್ಲಿರತ್ತೆ," ಎಂದುಬಿಟ್ಟೆ.

ಅವರ ಬೆರಳು ಸಾಲಿನ ಮೇಲೆ ಸರಿದು ಸರಿದು ಒಂದು ಕಡೆ ನಿಂತಿತು.

"ನಮ್ಮನೇಲಿ ಮೂರು ತಲೆಮಾರಿಂದ ಹಾಡ್ತೀವಿ. ಇವಳು ಯಾವಾಗಿಂದ ಬಾಯಿ ಮುಚ್ಕೊಂಡು ಕೂರೋಕೆ ಶುರು ಮಾಡಿದ್ದು?"

ಗ್ರಂಥಾಲಯದಲ್ಲಿ ಅಷ್ಟು ದೊಡ್ಡ ದನಿ ನಾನು ಕೇಳಿರಲಿಲ್ಲ. ಇವತ್ತೇ ಟಿ.ಸಿ. ಕೊಡಿ, ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಓದಿದ್ದು ಸಾಕು ಎಂದರು. ಅಷ್ಟರಲ್ಲಿ ಗಡಿಯಾರ ಬಂದು ಕಪಾಟಿನ ಪಕ್ಕ ನಿಂತಿದ್ದಳು. ಯಾರಾದರೂ ದನಿ ಏರಿಸಿದರೆ ಬೆವರುವ ನಮ್ಮ ಪ್ರಿನ್ಸಿಪಾಲರು ಓಡಿಬಂದು, "ಮೇಡಂ, ಆ ಕೋಣೆಗೆ ಬೀಗ ಜಡಿದುಬಿಡಿ. ಯಾರ ತಂಟೇನೂ ಬೇಡ," ಎಂದರು.

"ಸಾರ್, ತಪ್ಪು ಕೋಣೇದಲ್ಲ, ನನ್ನ ರಿಜಿಸ್ಟರಿಂದು," ಎಂದೆ. ಎಂದವಳೇ ಆ ಹಾಳೆಗಳನ್ನೆಲ್ಲ ಕಿತ್ತು ನಾಲ್ಕು ಚೂರು ಮಾಡಿದೆ. ಒಂದು ಪುಟದ ಮೂಲೆ ಮಡಿಸಿದವರಿಗೂ ಉಗಿಯುವ ನಾನು! ನನ್ನ ಕೆಲಸದ ಬದುಕಿನಲ್ಲಿ ನಾನು ಹರಿದ ಮೊದಲ ಹಾಳೆಗಳು ಅವು.

ಬಡಗಿ ನನ್ನನ್ನೇ ನೋಡುತ್ತಾ, "ಹರಿದ್ರೆ ನಾನು ಓದಿದ್ದು ಮರ್ತು ಹೋಗತ್ತಾ?" ಎಂದರು.

"ಇಲ್ಲ. ಆದ್ರೆ ನೀವು ಓದಿದ್ದು ನನ್ನ ಅಕ್ಷರ. ಮಗಳನ್ನ ಇನ್ನೂ ನೋಡಿಲ್ಲ. ಅವಳು ಒಪ್ಪಿದ್ರೆ ಒಳಗೆ ಬಂದು ನೋಡಿ. ಆಮೇಲೂ ಕರ್ಕೊಂಡು ಹೋಗ್ಬೇಕು ಅನ್ಸಿದ್ರೆ ಮಾತಾಡೋಣ." ಈ ಸಲ ನಾನು ಅವಳನ್ನು ಕೇಳಿದೆ. "ಅಪ್ಪ ಬರ್ಲೇನಮ್ಮ?" ಅವಳು ಹೂಂ ಎಂದು ತಲೆಯಾಡಿಸಿದಳು.

ಬಾಗಿಲು ಕಿರ್ರೋ ಎಂದಿತು. ಒಳಗೆ ಮಂಡಿಯೂರುವವರು ಮುಗಿಸಿ, ಚಾಪೆ ಮಡಚಿ, ಇವಳಿಗೆ ಜಾಗ ಬಿಟ್ಟುಕೊಟ್ಟರು. ಮೂಲೆಯಲ್ಲಿ ಹಾಡುವವರಿಬ್ಬರು ತುಟಿ ಬಿಚ್ಚದೆ ಗುನುಗುತ್ತಿದ್ದರು. ಸುಮ್ಮನೆ ಕೂರುವವರಿಗೆ ತೊಂದರೆಯಾಗದಿರಲೆಂದು ಅವರವರೇ ಮಾಡಿಕೊಂಡ ಒಪ್ಪಂದ ಅದು, ನನ್ನದೇನೂ ಇಲ್ಲ. ಕಿಟಕಿಯ ಹುಡುಗಿ ಕಿಟಕಿಯಲ್ಲಿದ್ದಳು. ಗಡಿಯಾರ ಕೂತಳು, ಕಣ್ಣು ಮುಚ್ಚಿದಳು. ಬೆನ್ನು ನೆಟ್ಟಗಿತ್ತು. ಅವಳ ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಗುನುಗುವವರ ರಾಗ ಅವರಿಗೆ ಗೊತ್ತಿದ್ದದ್ದೇ ಇರಬೇಕು, ನಡುವೆ ಒಮ್ಮೆ ಅವರ ತುಟಿ ಅಲುಗಿತು.

ಅವರು ಹೊರಗೆ ಬಂದರು. ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಬಾಗಿಲಿನ ಕೀಲು ಬಿಗಿಮಾಡಿ, ಎಣ್ಣೆ ಬಿಟ್ಟು, ನಾಲ್ಕು ಸಲ ತೆರೆದು ಮುಚ್ಚಿ ನೋಡಿದರು. "ಹಿಂಗೆ ಕಿರುಗುಟ್ಟಿದ್ರೆ ಕಣ್ಮುಚ್ಚಿ ಕೂತೋರ ಗತಿ ಏನ್ರೀ?" ಎಂದು ನನಗೇ ಗದರಿದರು. ಆಮೇಲೆ ಮಗಳ ಕೈಗೆ ಹಲಗೆ ಕೊಟ್ಟು ಹೇಳಿದರು. "ನಂಗೆ ಒಪ್ಪಿಗೆ ಇಲ್ಲ, ಈಗ್ಲೇ ಹೇಳಿರ್ತೀನಿ. ರಜಕ್ಕೆ ಮನೆಗೆ ಬಾ. ನಾವು ಹಾಡೋವಾಗ ಪಕ್ಕದಲ್ಲಿ ಕೂತಿರು. ಹಾಡ್ದೇ ಇದ್ರೂ ಕೂತಿರು."

ನಾನು ಕೌಂಟರಿನ ಹಿಂದೆ ಹೋಗಿ, ಏನೋ ಹುಡುಕುವವಳಂತೆ ಬಗ್ಗಿ, ಸೆರಗಲ್ಲಿ ಮುಖ ಒರೆಸಿಕೊಂಡೆ. ಎಷ್ಟು ಸಣ್ಣ ಮಾತು. ನಮ್ಮ ಮನೆಯಲ್ಲಿ ಅದನ್ನು ಯಾರೂ ಆಡಲಿಲ್ಲ.

ಹುಡುಗಿಯ ಹತ್ತಿರ ಕ್ಷಮೆ ಕೇಳಿದೆ. "ಪರ್ವಾಗಿಲ್ಲ ಮೇಡಂ," ಎಂದಳು. "ಪರ್ವಾಗಿಲ್ಲ ಅನ್ಬೇಡ, ಸಿಟ್ಟು ಮಾಡ್ಕೋ," ಎಂದೆ. ಹೇಳಿದ್ದೇ ತಡ, ಎರಡು ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನ್ಯಾಯವೇ. ಹೋದ ವಾರ ಊರಿಗೆ ಹೋಗಿ ಬಂದಳು. ಅಪ್ಪ ಇನ್ನೂ ಮುಖ ಕೊಟ್ಟು ಮಾತಾಡುವುದಿಲ್ಲವಂತೆ, ಊಟಕ್ಕೆ ಮಾತ್ರ ಅವಳ ತಟ್ಟೆ ಅವರೇ ತಂದಿಡುತ್ತಾರಂತೆ. ನಕ್ಷೆ ಕೋಣೆ ಎಂದಿನಂತೆ ತೆರೆದಿದೆ. ಆಫೀಸಿನವರಿಗೆ ಲೆಕ್ಕ ಬೇಕಂತೆ, ತಲೆಗೊಂದು ಗೆರೆ ಎಳೆಯುತ್ತೇನೆ, ಅಷ್ಟೇ. ಯಾರು, ಯಾಕೆ ಎಂದು ಯಾರೂ ಕೇಳುವ ಹಾಗಿಲ್ಲ. ಪ್ರಿನ್ಸಿಪಾಲರು ಮತ್ತೆ ಬೀಗದ ಮಾತೆತ್ತಿದರು. ಬೀಗದ ಕೈ ನನ್ನ ಸೊಂಟದಲ್ಲಿದೆ, ಬಂದು ತೆಗೆದುಕೊಳ್ಳಿ ಎಂದೆ. ಬರಲಿಲ್ಲ.

ನೀನೀಗ ಹೇಗೆ ಪ್ರಾರ್ಥಿಸುತ್ತೀಯೋ, ಪ್ರಾರ್ಥಿಸುತ್ತೀಯೋ ಇಲ್ಲವೋ, ನಾನು ಕೇಳುವುದಿಲ್ಲ. ಎಲ್ಲಿ ಕೂತರೂ ನಿನ್ನ ಮನಸ್ಸು ತಣ್ಣಗಿರಲಿ. ಬೆನ್ನು ನೆಟ್ಟಗಿರಲಿ. ನೂರು ಕಾಲ ಬಾಳು ಕಂದ.

ನಿನ್ನ ಅಮ್ಮ

ಮರೆತಿದ್ದೆ. ಇಲ್ಲ, ಮರೆತದ್ದಲ್ಲ, ಆರು ವರ್ಷದಿಂದ ಬರೆಯಲು ಕೈ ಬಾರದ ಮಾತು. ನಿನ್ನ ಪೆಟ್ಟಿಗೆಯಲ್ಲಿದ್ದ ನೀಲಿ ನೋಟ್‌ಬುಕ್ಕನ್ನು ಅಪ್ಪ ಕದ್ದು ಓದಿದರು ಎಂದು ತಿಳಿದಿದ್ದೀಯಲ್ಲ, ಅವರು ಆ ಪೆಟ್ಟಿಗೆ ಮುಟ್ಟಿದವರೇ ಅಲ್ಲ. ತೆರೆದವಳು ನಾನು. ನೀನು ಯಾವ ಪ್ರಾರ್ಥನೆ ಬಿಟ್ಟೆ, ಯಾವುದು ಹಿಡಿದೆ, ಎಲ್ಲ ಓದಿ, ಬೇಕಾದ ಪುಟಗಳಿಗೆ ಗುರುತಿನ ಚೀಟಿ ಸಿಕ್ಕಿಸಿ ಅವರ ಮುಂದಿಟ್ಟೆ. ನಿನ್ನನ್ನು ಹಿಡಿದಿಡಲು ನನ್ನ ದನಿ ಸಾಲದು, ಅವರದೇ ಬೇಕು ಅಂದುಕೊಂಡೆ. "ನನ್ನ ಪೆಟ್ಟಿಗೆ ಯಾಕಪ್ಪ ಮುಟ್ಟಿದ್ರಿ?" ಎಂದು ನೀನು ಅತ್ತಾಗ ಅವರು ಒಮ್ಮೆ ನನ್ನ ಕಡೆ ನೋಡಿ, "ಹೌದು, ಮುಟ್ಟಿದೆ," ಎಂದರು. ನಾನು ಬಾಯಿ ಬಿಡಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಅವರೂ ಬಿಟ್ಟಿಲ್ಲ. ಇನ್ನು ಮುಂದೆ ನನಗೆ ಬರೆಯಲು ಮನಸ್ಸಾಗದಿದ್ದರೆ ಬರೆಯಬೇಡ. ಒಂದು ಪತ್ರ ಅವರ ಹೆಸರಿಗೆ ಹಾಕು. ಪಕ್ಕದ ಕೋಣೆಯಲ್ಲಿ ರೇಡಿಯೊ ಸಣ್ಣದು ಮಾಡಿಕೊಂಡು ಈ ಸಲ ನಾನು ಕೂರುತ್ತೇನೆ.