ಟೀಚರಮ್ಮ ಒಣಗಿಸಿ ತಂದ ಟೆಂಟು

ಜೂನ್ 3, ಸೋಮವಾರ
ಬಾಡಿಗೆಗೆ ಹೋದ ಹನ್ನೊಂದು ಟೆಂಟು ವಾಪಸ್. ಹತ್ತು ಒದ್ದೆ. ರಿಟೈರ್ಡ್ ಟೀಚರಮ್ಮ ತಂದದ್ದೊಂದೇ ಗರಿಗರಿ. ಎರಡು ದಿನ ಮಹಡಿ ಮೇಲೆ ಒಣಹಾಕಿದ್ದರಂತೆ. ಭೇಷ್ ಅಂದೆ. ಉಳಿದವನ್ನು ತೊಳೆಯುವಾಗ ಪೈಪು ಜಾರಿ ಟೀಚರಮ್ಮನ ಟೆಂಟಿನ ಮೇಲೂ ನೀರು. ಹಗ್ಗದಲ್ಲಿ ಜಾಗವಿಲ್ಲ, ಸೊಂಟ ಬೇರೆ ಕೈಕೊಟ್ಟಿತ್ತು. ಒರೆಸಿದ ಶಾಸ್ತ್ರ ಮಾಡಿ, ಮಡಚಿ, ಚೀಲಕ್ಕೆ ತುರುಕಿದೆ. ಗಿರಾಕಿಗಳಿಗೆ ಮಾತ್ರ ದಿನಾ ಪಾಠ — ಒದ್ದೆ ಟೆಂಟು ಮಡಚಬೇಡಿ, ಮಲಗುವಾಗ ಗಾಳಿಕಿಂಡಿ ಮುಚ್ಚಬೇಡಿ, ನಿಮ್ಮ ಉಸಿರೇ ನೀರಾಗಿ ಇಳಿಯುತ್ತೆ... ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಜೂನ್ 21
ಹೊಸ ಗಿರಾಕಿಯ ಮುಂದೆ ಅದೇ ಚೀಲ ಬಿಚ್ಚಿದರೆ ಮುಗ್ಗಲು ವಾಸನೆ. ತಳದ ತುಂಬ ಕಪ್ಪು ಬೂಷ್ಟು. ಅಂಗಡಿ ಯಜಮಾನರು ರಿಜಿಸ್ಟರ್ ತೆಗೆದರು. ಕೊನೆಗೆ ಒಯ್ದವರು ಟೀಚರಮ್ಮ. ತಂದಾಗ ಹೇಗಿತ್ತು ಎಂದು ನನ್ನನ್ನು ಕೇಳಿದರು.
"ಬಿಚ್ಚಿ ನೋಡಿರ್ಲಿಲ್ಲ ಸಾರ್."
ನನ್ನೆದುರೇ ಅವರಿಗೆ ಫೋನು ಹೋಯಿತು. ಕೆಲಸವಿಲ್ಲದಿದ್ದರೂ ಗೂಟಗಳನ್ನು ಎಣಿಸುತ್ತಾ ಕೂತೆ.

ಜೂನ್ 22
ಟೀಚರಮ್ಮ ಬೆಳಿಗ್ಗೆಯೇ ಬ್ರಷ್ ಹಿಡಿದು ಬಂದುಬಿಟ್ಟರು, ತಾವೇ ತೊಳೆದುಕೊಡುತ್ತಾರಂತೆ. ಬೇಡವೆಂದರೂ ಕೇಳಲಿಲ್ಲ. ಮೆತ್ತಗೆ ಉಜ್ಜಿ, ಬ್ಲೀಚ್ ಹಾಕಬೇಡಿ, ನೀರು ತಡೆಯೋ ಕೋಟಿಂಗ್ ಹೋಗುತ್ತೆ ಅಂದೆ. ಅದನ್ನೂ ಚೀಟಿಯಲ್ಲಿ ಬರೆದುಕೊಂಡರು!
"ಒಣಗಿಸಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ ಕಣಪ್ಪ. ಇಲ್ಲ ಅಂದ್ರೆ ನನ್ನ ತಲೇನೇ ಕೆಟ್ಟಿರ್ಬೇಕು."
ಆಗಲಾದರೂ ಹೇಳಬಹುದಿತ್ತು. ಬಕೆಟ್ ನೀರು ಬದಲಾಯಿಸಿ ಕೊಟ್ಟೆ. ಥೂ.

ಜೂನ್ 28, ಶುಕ್ರವಾರ
ಅವರ ಮನೆಯ ಚೀಲದಲ್ಲೇ ಉಳಿದಿದ್ದ ನಮ್ಮ ಅಂಗಡಿಯ ಟಾರ್ಚು ಕೊಡಲು ಟೀಚರಮ್ಮನ ಸೊಸೆ ಬಂದಿದ್ದರು. ಅತ್ತೆಗೆ ಈಗ ಎಲ್ಲದರ ಮೇಲೂ ಅನುಮಾನವಂತೆ. ಗ್ಯಾಸ್ ಆರಿಸಿದೆನಾ ಎಂದು ನಾಲ್ಕು ಸಲ ನೋಡುತ್ತಾರಂತೆ. ಮೊಮ್ಮಗಳನ್ನು ಒಬ್ಬರೇ ಎಲ್ಲಿಗೂ ಕರೆದೊಯ್ಯುವುದಿಲ್ಲವಂತೆ. ಸೋಮವಾರ ಮರೆವಿನ ಡಾಕ್ಟರ್ ಹತ್ತಿರ ಹೋಗುತ್ತಿದ್ದಾರೆ.
ನಾಚಿಕೆಯಾಗುತ್ತಿದೆ. ಒಂದು ಪೈಪು ಜಾರಿದ ತಪ್ಪಿಗೆ ಒಬ್ಬರ ಬುದ್ಧಿಗೇ ಕಲ್ಲು ಹಾಕಿದೆ.

ಜೂನ್ 30, ಭಾನುವಾರ, ಸಂಜೆ 5
ಹೋಗಿ ಬಂದೆ. ಅವರ ಬೀದಿಯಲ್ಲಿ ಎರಡು ಸುತ್ತು ಹಾಕಿ ಆಮೇಲೆ ಬೆಲ್ ಒತ್ತಿದೆ. ನಿಂತಲ್ಲೇ ಎಲ್ಲ ಹೇಳಿದೆ — ಪೈಪು, ಸೊಂಟ, ಯಜಮಾನರ ಮುಂದೆ ಆಡಿದ ಸುಳ್ಳು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕುರ್ಚಿ ಹಿಡಿದು ಕೂತರು. ಮಗನನ್ನೂ ಸೊಸೆಯನ್ನೂ ಕರೆದರು.
"ಇವರ ಮುಂದೆ ಇನ್ನೊಂದ್ಸಲ ಹೇಳಪ್ಪ. ನಾನು ಹೇಳಿದ್ರೆ ಈಗ ಯಾರೂ ನಂಬಲ್ಲ."
ಮೊದಲಿಂದ ಶುರು ಮಾಡಿದೆ. "ಮೂರನೇ ತಾರೀಕು ಅಮ್ಮ ಟೆಂಟು ತಂದಾಗ ಅದು ಗರಿಗರಿ ಒಣಗಿತ್ತು."